13ಕ್ಕೆ 13 ಗೆದ್ದರೂ ಸೀಟಿಲ್ಲ: ಫ್ಲೋರಿಡಾ ಸ್ಟೇಟ್ ತಂಡಕ್ಕೆ ಆಗಿದ್ದೇನು?

2023ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಡಿಸೆಂಬರ್ ಮೊದಲ ವಾರದ ಹೊತ್ತಿಗೆ 13 ಪಂದ್ಯ ಆಡಿತ್ತು. 13ನ್ನೂ ಗೆದ್ದಿತ್ತು. ತನ್ನ ಕಾನ್ಫರೆನ್ಸ್‌ಗೆ, ಅಂದರೆ ತಾನಿರುವ ಕಾಲೇಜು ತಂಡಗಳ ಗುಂಪಿಗೆ, ಚಾಂಪಿಯನ್ ಕೂಡ ಆಗಿತ್ತು. ಆದರೂ ರಾಷ್ಟ್ರೀಯ ಪ್ಲೇಆಫ್‌ನ ನಾಲ್ಕು ಸೀಟಿನಲ್ಲಿ ಒಂದೂ ಅದಕ್ಕೆ ಸಿಗಲಿಲ್ಲ. ಒಂದೊಂದು ಪಂದ್ಯ ಸೋತಿದ್ದ ಟೆಕ್ಸಸ್ ಮತ್ತು ಅಲಬಾಮಾ ಒಳಗೆ ಹೋದವು. ಒಂದೂ ಸೋಲದ ತಂಡ ಐದನೇ ಸ್ಥಾನದಲ್ಲಿ ಹೊರಗೆ ನಿಂತಿತು.

ಇದು ಹಳೇ ಜಗಳ ಅನ್ನಿಸಬಹುದು. ಆಮೇಲೆ ಪ್ಲೇಆಫ್ 4ರಿಂದ 12 ತಂಡಕ್ಕೆ ಬೆಳೆಯಿತು. ಆದರೆ ಅಂದು ಎದ್ದ ಪ್ರಶ್ನೆ ಪ್ರತಿ ಡಿಸೆಂಬರ್‌ನಲ್ಲೂ ಬೇರೆ ಬೇರೆ ತಂಡದ ಹೆಸರಿನಲ್ಲಿ ವಾಪಸ್ ಬರುತ್ತಿದೆ. ಸೀಟು ಕೊಡಬೇಕಾದ್ದು ಗೆದ್ದವರಿಗೋ, ಮುಂದೆ ಗೆಲ್ಲಬಹುದು ಅನ್ನಿಸಿದವರಿಗೋ? ನನ್ನ ಪ್ರಕಾರ ಫ್ಲೋರಿಡಾ ಸ್ಟೇಟ್‌ಗೆ ಅನ್ಯಾಯವೇ ಆಯಿತು. ಆದರೆ ಸೀಟು ಹಂಚುವ ಸಮಿತಿಯವರು ಕಳ್ಳಾಟ ಆಡಿದರು ಅಂತ ಹೇಳುವುದಿಲ್ಲ. ಅವರು ನಿಯಮ ಪುಸ್ತಕ ಹಿಡಿದುಕೊಂಡೇ ಕೂತಿದ್ದರು. ತೊಂದರೆ ಇದ್ದದ್ದು ಆ ಪುಸ್ತಕದಲ್ಲೇ.

ಮೊದಲು ವ್ಯವಸ್ಥೆ ಹೇಗಿದೆ ಅಂತ ನೋಡೋಣ. ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದು ಸೀಸನ್‌ನಲ್ಲಿ ಒಂದು ತಂಡ ಆಡುವುದು ಸುಮಾರು 12 ಪಂದ್ಯ ಮಾತ್ರ. ಅದರಲ್ಲೂ ಹೆಚ್ಚಿನವು ತನ್ನ ಕಾನ್ಫರೆನ್ಸ್‌ನ ತಂಡಗಳ ಜೊತೆಗೇ. ಹಾಗಾಗಿ ಎಲ್ಲರೂ ಎಲ್ಲರನ್ನೂ ಎದುರಿಸುವ ಮಾತೇ ಇಲ್ಲ. ಐಪಿಎಲ್ ನೋಡುವ ನಮಗೆ ಪಾಯಿಂಟ್ಸ್ ಪಟ್ಟಿ ಅಭ್ಯಾಸ. ಪಾಯಿಂಟ್ ಸಮ ಆದರೆ ರನ್ ರೇಟ್ ನೋಡುತ್ತಾರೆ, ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಟೆಕ್ಸಸ್‌ನ ಗ್ರೇಪ್‌ವೈನ್ ಊರಿನ ಒಂದು ಹೋಟೆಲ್‌ನಲ್ಲಿ 13 ಜನರ ಸಮಿತಿ ಕೂರುತ್ತದೆ. ಯೂನಿವರ್ಸಿಟಿಗಳ ಕ್ರೀಡಾ ನಿರ್ದೇಶಕರು, ಮಾಜಿ ಕೋಚ್‌ಗಳು, ಮಾಜಿ ಆಟಗಾರರು ಅದರಲ್ಲಿ ಇರುತ್ತಾರೆ. ವೋಟು ಹಾಕಿ ಪಟ್ಟಿ ಮಾಡುತ್ತಾರೆ. 2014ರಿಂದ 2023ರವರೆಗೆ ಆ ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಪ್ಲೇಆಫ್ ಭಾಗ್ಯ.

ಆಗ ದೊಡ್ಡ ಕಾನ್ಫರೆನ್ಸ್‌ಗಳು ಐದು. ಸೀಟು ನಾಲ್ಕು. ಜಗಳ ಅಲ್ಲೇ ಹುಟ್ಟಿತ್ತು, ಸ್ಫೋಟ ಆಗಲು ಹತ್ತು ವರ್ಷ ಬೇಕಾಯಿತು ಅಷ್ಟೆ.

ಫ್ಲೋರಿಡಾ ಸ್ಟೇಟ್ ಸಣ್ಣಪುಟ್ಟ ತಂಡವಲ್ಲ. ಟ್ಯಾಲಹಾಸಿ ಊರಿನ ಈ ತಂಡ ಕೋಚ್ ಬಾಬಿ ಬೌಡೆನ್ ಕಾಲದಲ್ಲಿ 1993 ಮತ್ತು 1999ರಲ್ಲಿ, ಆಮೇಲೆ ಜಿಂಬೋ ಫಿಶರ್ ಕೈಯಲ್ಲಿ 2013ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆಮೇಲೆ ಕುಸಿಯಿತು. 2021ರಲ್ಲಿ ಕೆಳದರ್ಜೆಯ ಜ್ಯಾಕ್ಸನ್‌ವಿಲ್ ಸ್ಟೇಟ್ ವಿರುದ್ಧ ಪಂದ್ಯದ ಕೊನೇ ಕ್ಷಣದಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಪಾಯಿಂಟ್ ಗಳಿಸುವುದು) ಬಿಟ್ಟುಕೊಟ್ಟು ಸೋತಾಗ ಕೋಚ್ ಮೈಕ್ ನಾರ್ವೆಲ್ ಕೆಲಸ ಹೋಯಿತು ಅಂತಲೇ ಜನ ಮಾತಾಡಿದ್ದರು. ಅವರು ಉಳಿದರು. 2022ರಲ್ಲಿ 10 ಪಂದ್ಯ ಗೆದ್ದರು.

ತಂಡ ಎದ್ದು ನಿಂತದ್ದು ಹೇಗೆ? ಟ್ರಾನ್ಸ್‌ಫರ್ ಪೋರ್ಟಲ್‌ನಿಂದ. ಒಂದು ಕಾಲೇಜಿನ ಆಟಗಾರ ಇನ್ನೊಂದು ಕಾಲೇಜಿಗೆ ಹೋಗಲು ಹೆಸರು ನೋಂದಾಯಿಸುವ ವ್ಯವಸ್ಥೆ ಅದು. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ದಾಳಿ ನಡೆಸುವವ) ಜೋರ್ಡನ್ ಟ್ರಾವಿಸ್ ಹಿಂದೆಯೇ ಲೂಯಿವಿಲ್‌ನಿಂದ ಬಂದಿದ್ದ. ಡಿಫೆನ್ಸ್‌ನ ಜ್ಯಾರೆಡ್ ವರ್ಸ್ ಆಲ್ಬನಿಯಿಂದ, ಕ್ಯಾಚ್ ಹಿಡಿಯುವ ಕೀಯಾನ್ ಕೋಲ್ಮನ್ ಮಿಷಿಗನ್ ಸ್ಟೇಟ್‌ನಿಂದ, ಬ್ರೇಡನ್ ಫಿಸ್ಕ್ ವೆಸ್ಟರ್ನ್ ಮಿಷಿಗನ್‌ನಿಂದ ಬಂದವರು. ಬೇರೆ ಬೇರೆ ಊರಿನಿಂದ ಆರಿಸಿ ತಂದ ಅನುಭವಿಗಳ ತಂಡ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2023ರ ಸೀಸನ್ ಒರ್ಲ್ಯಾಂಡೊದಲ್ಲಿ ಶುರುವಾಯಿತು. ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ವಿರುದ್ಧ 45-24 ಗೆಲುವು. ಎದುರಿಗೆ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೇಡನ್ ಡೇನಿಯಲ್ಸ್ ಆ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ಸೆಪ್ಟೆಂಬರ್‌ನಲ್ಲಿ ಕ್ಲೆಮ್ಸನ್ ತಂಡವನ್ನು ಅವರದೇ ಮೈದಾನದಲ್ಲಿ ಓವರ್‌ಟೈಮ್‌ನಲ್ಲಿ 31-24ಕ್ಕೆ ಸೋಲಿಸಿತು. ಅಲ್ಲಿ ಗೆದ್ದು ಹತ್ತು ವರ್ಷ ಆಗಿತ್ತು. ಬಾಸ್ಟನ್ ಕಾಲೇಜ್ ಮೇಲೆ ಎರಡೇ ಪಾಯಿಂಟ್‌ನಲ್ಲಿ ಪಾರಾಯಿತು. ಎಲ್ಲ ಗೆಲುವೂ ಚೆಂದ ಇರಲಿಲ್ಲ, ಆದರೆ ಗೆಲುವು ನಿಲ್ಲಲಿಲ್ಲ. ಟ್ರಾವಿಸ್ ಇಡೀ ಸೀಸನ್‌ನಲ್ಲಿ 20 ಟಚ್‌ಡೌನ್ ಪಾಸ್ ಎಸೆದ. ಎದುರಾಳಿಗೆ ಚೆಂಡು ಕೊಟ್ಟದ್ದು ಎರಡೇ ಸಲ.

ನವೆಂಬರ್ 18ರಂದು ನಾರ್ತ್ ಅಲಬಾಮಾ ಅನ್ನುವ ಚಿಕ್ಕ ತಂಡದ ಜೊತೆ ಪಂದ್ಯ. ಯಾರೂ ತಲೆ ಕೆಡಿಸಿಕೊಳ್ಳದ ಪಂದ್ಯ. ಮೊದಲ ಕ್ವಾರ್ಟರ್‌ನಲ್ಲಿ ಟ್ರಾವಿಸ್ ಚೆಂಡು ಹಿಡಿದು ತಾನೇ ಓಡಿದ. ಟ್ಯಾಕಲ್ ಆದಾಗ ಅವನ ಎಡಗಾಲು ಹೊರಳಿದ ರೀತಿ ನೋಡಿ ಸ್ಟೇಡಿಯಂ ಸುಮ್ಮನಾಯಿತು. ಕಾರ್ಟ್‌ನಲ್ಲಿ ಹೊರಗೆ ಕರೆದುಕೊಂಡು ಹೋದರು. ಸೀಸನ್ ಮುಗಿಯಿತು. ಆ ಹೊತ್ತಿಗೆ ಸ್ಕೋರ್‌ನಲ್ಲೂ ತಂಡ ಹಿಂದೆ ಇತ್ತು, 0-13. ಅಲ್ಲಿಂದ ಸತತ 58 ಪಾಯಿಂಟ್ ಹೊಡೆದು ಗೆದ್ದರು. ಆದರೆ ಅಂದು ಸ್ಕೋರ್ ಯಾರಿಗೆ ಬೇಕಿತ್ತು?

ಒಂದು ವಾರದ ನಂತರ ಬದ್ಧವೈರಿ ಫ್ಲೋರಿಡಾ ಯೂನಿವರ್ಸಿಟಿ ತಂಡದ ವಿರುದ್ಧ ಅವರ ಊರಲ್ಲೇ ಪಂದ್ಯ. ಬದಲಿ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಆಡಿದ. 24-15ಕ್ಕೆ ಗೆದ್ದರು. ಆದರೆ ರೋಡ್‌ಮೇಕರ್ ತಲೆಗೆ ಪೆಟ್ಟು ಬಿತ್ತು. ಹಾಗಾಗಿ ಡಿಸೆಂಬರ್ 2ರಂದು ಶಾರ್ಲೆಟ್‌ನಲ್ಲಿ ಲೂಯಿವಿಲ್ ವಿರುದ್ಧ ತಮ್ಮ ಎಸಿಸಿ ಕಾನ್ಫರೆನ್ಸ್‌ನ ಫೈನಲ್ ನಡೆದಾಗ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ನಿಂತದ್ದು ಮೂರನೇ ಆಯ್ಕೆಯ ಹುಡುಗ, ಮೊದಲ ವರ್ಷದ ಬ್ರಾಕ್ ಗ್ಲೆನ್. 21 ಪಾಸ್ ಎಸೆದ, 8 ಕೈಸೇರಿದವು, ಒಟ್ಟು 55 ಯಾರ್ಡ್. ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಇದು ತೀರಾ ಬಡ ಲೆಕ್ಕ. ಆದರೆ ಡಿಫೆನ್ಸ್ ಒಂದೇ ಒಂದು ಟಚ್‌ಡೌನ್ ಬಿಟ್ಟುಕೊಡಲಿಲ್ಲ. 16-6. ನೋಡಲು ಬೋರು ಹೊಡೆಸುವ ಪಂದ್ಯ. ನನಗೆ ಮಾತ್ರ ಆ ಸೀಸನ್‌ನ ಅತ್ಯಂತ ಗಟ್ಟಿ ಗೆಲುವು ಅದೇ ಅನ್ನಿಸುತ್ತದೆ.

ಅದೇ ದಿನ ಅಟ್ಲಾಂಟಾದಲ್ಲಿ ಇನ್ನೊಂದು ಕಥೆ. ಎಸ್‌ಇಸಿ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಅಲಬಾಮಾ ತಂಡ ಜಾರ್ಜಿಯಾವನ್ನು 27-24ಕ್ಕೆ ಸೋಲಿಸಿತು. ಜಾರ್ಜಿಯಾ ಆಗ ನಂಬರ್ 1, ಸತತ 29 ಪಂದ್ಯ ಗೆದ್ದಿದ್ದ ತಂಡ. ಇಲ್ಲಿಂದ ಸಮಿತಿಯ ತಲೆನೋವು ಶುರು.

ಮಿಷಿಗನ್ ಮತ್ತು ವಾಷಿಂಗ್ಟನ್ ಒಂದೂ ಸೋತಿರಲಿಲ್ಲ, ಅವರ ಸೀಟು ಖಾಯಂ. ಉಳಿದದ್ದು ಎರಡು ಸೀಟು, ಸಾಲಲ್ಲಿ ಮೂರು ತಂಡ. ಫ್ಲೋರಿಡಾ ಸ್ಟೇಟ್‌ಗೆ ಒಂದು ಕೊಟ್ಟರೆ ಉಳಿದ ಒಂದು ಟೆಕ್ಸಸ್‌ಗೋ ಅಲಬಾಮಾಕ್ಕೋ? ಟೆಕ್ಸಸ್ ಸೆಪ್ಟೆಂಬರ್‌ನಲ್ಲಿ ಅಲಬಾಮಾವನ್ನು ಅದರ ಮನೆಯಂಗಳದಲ್ಲೇ 34-24ಕ್ಕೆ ಸೋಲಿಸಿತ್ತು. ಇಬ್ಬರೂ ಒಂದೊಂದು ಸೋತು ತಮ್ಮ ತಮ್ಮ ಕಾನ್ಫರೆನ್ಸ್ ಗೆದ್ದವರು. ಮುಖಾಮುಖಿ ಗೆದ್ದವರನ್ನು ಬಿಟ್ಟು ಸೋತವರನ್ನು ಕರೆಯಲು ಯಾವ ಮುಖ ಇಟ್ಟುಕೊಂಡು ಆಗುತ್ತದೆ? ಅಂದರೆ ಸೀಟು ಟೆಕ್ಸಸ್‌ಗೆ. ಆಗ ಅಲಬಾಮಾ ಹೊರಗೆ. ಅಲಬಾಮಾ ಹೊರಗೆ ಅಂದರೆ ಎಸ್‌ಇಸಿಯೇ ಹೊರಗೆ. ಆ ಹತ್ತು ವರ್ಷದಲ್ಲಿ ಎಸ್‌ಇಸಿ ತಂಡವಿಲ್ಲದ ಪ್ಲೇಆಫ್ ಒಂದೂ ನಡೆದಿರಲಿಲ್ಲ.

ಅಲಬಾಮಾ ಬೇಕು ಅಂದರೆ ಟೆಕ್ಸಸ್ ಬೇಕೇ ಬೇಕು. ಇಬ್ಬರೂ ಬೇಕು ಅಂದರೆ ಫ್ಲೋರಿಡಾ ಸ್ಟೇಟ್ ಹೋಗಲೇಬೇಕು. ಲೆಕ್ಕ ಇಷ್ಟೇ. ಭಾನುವಾರ ಪಟ್ಟಿ ಬಂತು: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ.

ಸಮಿತಿ ಕೊಟ್ಟ ಕಾರಣ ಟ್ರಾವಿಸ್‌ನ ಕಾಲು. ಮೊದಲ 11 ವಾರ ಆಡಿದ ಫ್ಲೋರಿಡಾ ಸ್ಟೇಟ್ ಬೇರೆ, ಈಗಿರುವ ಫ್ಲೋರಿಡಾ ಸ್ಟೇಟ್ ಬೇರೆ ಅಂತ ಅಧ್ಯಕ್ಷ ಬೂ ಕೊರಿಗನ್ ಹೇಳಿದರು. ಇದು ಅವರು ಆ ರಾತ್ರಿ ಕಟ್ಟಿದ ನೆಪವಲ್ಲ. ಪ್ರಮುಖ ಆಟಗಾರ ಇಲ್ಲದೇ ಹೋದರೆ ಅದನ್ನು ಪರಿಗಣಿಸಬಹುದು ಅಂತ ನಿಯಮದಲ್ಲೇ ಬರೆದಿದೆ. ಅತ್ಯುತ್ತಮ ನಾಲ್ಕು ತಂಡ ಆರಿಸಿ ಅಂತ ಅವರಿಗೆ ಹೇಳಿದ್ದಾರೆ, ಅತಿ ಹೆಚ್ಚು ಅರ್ಹತೆ ಗಳಿಸಿದ ನಾಲ್ಕನ್ನು ಅಲ್ಲ. ಎದೆ ಮುಟ್ಟಿ ಹೇಳಬೇಕು ಅಂದರೆ, ಅಂದು ತಟಸ್ಥ ಮೈದಾನದಲ್ಲಿ ಅಲಬಾಮಾ ಮತ್ತು ಬ್ರಾಕ್ ಗ್ಲೆನ್ ಆಡಿಸುವ ಫ್ಲೋರಿಡಾ ಸ್ಟೇಟ್ ಎದುರಾಗಿದ್ದರೆ ನಾನೂ ಅಲಬಾಮಾನೇ ಗೆಲ್ಲುತ್ತದೆ ಅನ್ನುತ್ತಿದ್ದೆ.

ಆದರೆ ಅದೇ ಮುಖ್ಯ ಆಗಿದ್ದರೆ ಮೂರು ತಿಂಗಳು ಪಂದ್ಯ ಆಡಿಸುವುದು ಯಾಕೆ?

ಸಮಿತಿಯ ವಾದದಲ್ಲಿ ಎರಡು ತೂತು ಇವೆ. ಮೊದಲನೆಯದು, ನವೆಂಬರ್ 28ರ ಅವರದೇ ಪಟ್ಟಿ. ಟ್ರಾವಿಸ್ ಕಾಲು ಮುರಿದು ಹತ್ತು ದಿನ ಆಗಿತ್ತು. ಅವನಿಲ್ಲದೆ ತಂಡ ಹೇಗೆ ಆಡುತ್ತದೆ ಅಂತ ಫ್ಲೋರಿಡಾ ಪಂದ್ಯದಲ್ಲಿ ನೋಡಿಯೂ ಆಗಿತ್ತು. ಆಗ ಅವರೇ ಫ್ಲೋರಿಡಾ ಸ್ಟೇಟ್‌ಗೆ 4ನೇ ಸ್ಥಾನ, ಅಲಬಾಮಾಕ್ಕೆ 8ನೇ ಸ್ಥಾನ ಕೊಟ್ಟಿದ್ದರು. ಮುಂದಿನ ವಾರ ಎರಡೂ ತಂಡ ಗೆದ್ದವು. ನಡುವೆ ಬದಲಾದದ್ದು ಇಷ್ಟೇ: ಜಾರ್ಜಿಯಾ ಸೋತಿತು, ಎಸ್‌ಇಸಿ ಕೈಯಲ್ಲಿದ್ದ ಗ್ಯಾರಂಟಿ ಸೀಟು ಜಾರಿತು. ಒಳಗೆ ಯಾರಾದರೂ ಫೋನ್ ಮಾಡಿ ಒತ್ತಡ ಹಾಕಿದರು ಅಂತ ನಾನು ಹೇಳುತ್ತಿಲ್ಲ. ಅದರ ಅವಶ್ಯಕತೆಯೂ ಇರಲಿಲ್ಲ. ಎಸ್‌ಇಸಿ ಇಲ್ಲದ ಪ್ಲೇಆಫನ್ನು ಕಲ್ಪಿಸಿಕೊಳ್ಳಲು ಆ ಕೋಣೆಯಲ್ಲಿ ಕೂತವರಿಗೆ ಕಷ್ಟ ಆಗಿತ್ತು ಅಂದರೆ ಸಾಕು.

ಎರಡನೆಯದು 2014. ಆ ವರ್ಷ ಒಹಾಯೊ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಸೀಸನ್ ಶುರುವಾಗುವ ಮೊದಲೇ ಗಾಯಗೊಂಡ. ಎರಡನೆಯವನ ಹಿಮ್ಮಡಿ ಗಂಟು ಮಿಷಿಗನ್ ಪಂದ್ಯದಲ್ಲಿ ಮುರಿಯಿತು. ಮೂರನೆಯವನು ಕಾರ್ಡೇಲ್ ಜೋನ್ಸ್. ಅವನನ್ನು ಕಟ್ಟಿಕೊಂಡು ಕಾನ್ಫರೆನ್ಸ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ ಮೇಲೆ 59-0. ಸಮಿತಿ ಅವರನ್ನು ನಾಲ್ಕನೇ ಸೀಟಿಗೆ ಎತ್ತಿತು. ಆಮೇಲೆ ಅದೇ ಜೋನ್ಸ್ ಅಲಬಾಮಾವನ್ನೂ ಒರೆಗನ್ ತಂಡವನ್ನೂ ಸೋಲಿಸಿ ಚಾಂಪಿಯನ್ ಪಟ್ಟ ತಂದ. ಹೌದು, 59-0ಕ್ಕೂ 16-6ಕ್ಕೂ ವ್ಯತ್ಯಾಸ ಇದೆ. ಆದರೆ ಒಹಾಯೊ ಸ್ಟೇಟ್ ಆ ವರ್ಷ ಒಂದು ಪಂದ್ಯ ಸೋತಿತ್ತು. ಫ್ಲೋರಿಡಾ ಸ್ಟೇಟ್ ಸೋತಿರಲಿಲ್ಲ. ಮೂರನೇ ಕ್ವಾರ್ಟರ್‌ಬ್ಯಾಕ್ ಏನು ಮಾಡಬಲ್ಲ ಅಂತ ಆಡುವ ಮೊದಲೇ ತೀರ್ಮಾನ ಕೊಡಲು ಆಗುವುದಿಲ್ಲ ಅಂತ ಈ ಪ್ಲೇಆಫ್‌ನ ಮೊದಲ ವರ್ಷವೇ ತೋರಿಸಿಕೊಟ್ಟಿತ್ತು.

ಪಟ್ಟಿ ಬಂದ ದಿನ ಟ್ರಾವಿಸ್ ಹಾಕಿದ ಪೋಸ್ಟ್ ನನಗೆ ಮರೆಯುವುದಿಲ್ಲ. ನನ್ನ ಕಾಲು ಇನ್ನೂ ಮೊದಲೇ ಮುರಿಯಬಾರದಿತ್ತಾ, ಈ ತಂಡ ಬರೀ ಒಬ್ಬ ಕ್ವಾರ್ಟರ್‌ಬ್ಯಾಕ್ ಅಲ್ಲ ಅಂತ ನಿಮಗೆ ಗೊತ್ತಾಗುತ್ತಿತ್ತು ಅನ್ನುವ ಅರ್ಥದ ಮಾತು. ಹುಡುಗ ದುಃಖದಲ್ಲಿ ಬರೆದದ್ದು. ಆದರೆ ಸಮಿತಿಯ ತರ್ಕವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಬಿಚ್ಚಿಟ್ಟಿಲ್ಲ. ಅವನು ಸೆಪ್ಟೆಂಬರ್‌ನಲ್ಲೇ ಗಾಯಗೊಂಡು, ತಂಡ ಹೇಗೋ ಎಲ್ಲ ಪಂದ್ಯ ಗೆದ್ದಿದ್ದರೆ ಸೀಟು ಸಿಗುತ್ತಿತ್ತು. ಅವನು ಚೆನ್ನಾಗಿ ಆಡಿದ್ದೇ ತಂಡಕ್ಕೆ ಮುಳುವಾಯಿತು.

ಡಿಸೆಂಬರ್ 30ರಂದು ಮಯಾಮಿ ಬಳಿ ಆರೆಂಜ್ ಬೌಲ್, ಸೀಸನ್ ಕೊನೆಗೆ ತಂಡಗಳನ್ನು ಆಹ್ವಾನಿಸಿ ನಡೆಸುವ ಬೌಲ್ ಪಂದ್ಯಗಳಲ್ಲಿ ಒಂದು. ಎದುರಾಳಿ ಜಾರ್ಜಿಯಾ. ಫಲಿತಾಂಶ 63-3. ಬೌಲ್ ಪಂದ್ಯಗಳ ಚರಿತ್ರೆಯಲ್ಲೇ ಅತಿ ದೊಡ್ಡ ಅಂತರದ ಸೋಲು. ನೋಡಿದ್ರಾ, ಸಮಿತಿ ಹೇಳಿದ್ದೇ ಸರಿ ಅಂತ ಆ ರಾತ್ರಿ ಬಹಳ ಜನ ಕುಣಿದರು. ಆದರೆ ಅಂದು ಮೈದಾನದಲ್ಲಿ ಇದ್ದದ್ದು ಆ 13 ಗೆದ್ದ ತಂಡವಲ್ಲ. ಎರಡು ಡಜನ್‌ಗೂ ಹೆಚ್ಚು ಆಟಗಾರರು ಆಡಲೇ ಇಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗುವವರು ಗಾಯ ಮಾಡಿಕೊಳ್ಳಲು ಸಿದ್ಧರಿರಲಿಲ್ಲ, ಕೆಲವರು ಬೇರೆ ಕಾಲೇಜಿಗೆ ಹೊರಟಿದ್ದರು. ರೋಡ್‌ಮೇಕರ್ ಕೂಡ ಪೋರ್ಟಲ್‌ನಲ್ಲಿ ಹೆಸರು ಹಾಕಿದ್ದ. ಮತ್ತೆ ಗ್ಲೆನ್‌ಗೇ ಬಂತು. ಪಟ್ಟ ಸಿಗದ ಪಂದ್ಯಕ್ಕೆ ಕಾಲು ಯಾರು ಒಡ್ಡುತ್ತಾರೆ? ಗೆದ್ದ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಕೂಡ ಇದನ್ನು ಸರಿಪಡಿಸಬೇಕು ಅಂದರು. 63-3 ಅನ್ನುವುದು ಸಮಿತಿಯ ತೀರ್ಪಿನಿಂದ ಹುಟ್ಟಿದ ಫಲಿತಾಂಶ. ಅದನ್ನೇ ಆ ತೀರ್ಪಿಗೆ ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿ ಫ್ಲೋರಿಡಾ ಸ್ಟೇಟ್ ಬಗ್ಗೆ ನನ್ನ ಕನಿಕರ ಸ್ವಲ್ಪ ಕಡಿಮೆ ಆಗುತ್ತದೆ.

ಎಸಿಸಿ ಕಾನ್ಫರೆನ್ಸ್‌ಗೆ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಜೊತೆ 2036ರವರೆಗೆ ಟಿವಿ ಒಪ್ಪಂದ ಇದೆ. ಸದಸ್ಯ ಕಾಲೇಜುಗಳು ತಮ್ಮ ಪಂದ್ಯಗಳ ಪ್ರಸಾರದ ಹಕ್ಕನ್ನು ಕಾನ್ಫರೆನ್ಸ್‌ಗೆ ಬರೆದುಕೊಟ್ಟಿವೆ. ಈ ಒಪ್ಪಂದ ಆದ ಮೇಲೆ ಎಸ್‌ಇಸಿ ಮತ್ತು ಬಿಗ್ ಟೆನ್ ಕಾನ್ಫರೆನ್ಸ್‌ಗಳು ಭಾರೀ ಮೊತ್ತದ ಹೊಸ ಒಪ್ಪಂದ ಮಾಡಿಕೊಂಡವು. ಬಿಗ್ ಟೆನ್‌ದು ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚು. ಅವರಿಗೂ ನಮಗೂ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಅಂತರ ಬೀಳುತ್ತಿದೆ ಅಂತ ಫ್ಲೋರಿಡಾ ಸ್ಟೇಟ್ 2023ರ ಆರಂಭದಿಂದಲೇ ಗೊಣಗುತ್ತಿತ್ತು. ಅಂದರೆ ಮನೆ ಬಿಡುವ ಯೋಚನೆ ಮೊದಲೇ ಇತ್ತು. ಪ್ಲೇಆಫ್ ಸೀಟು ತಪ್ಪಿದ್ದು ಅದಕ್ಕೆ ಒಳ್ಳೇ ಕಾರಣ ಒದಗಿಸಿತು. ಎಸಿಸಿ ಗೆದ್ದರೂ ಬೆಲೆ ಇಲ್ಲ ಅಂದ ಮೇಲೆ ಇಲ್ಲಿ ಯಾಕಿರಬೇಕು ಅನ್ನುವ ವಾದ.

ಡಿಸೆಂಬರ್ 22ರಂದು ಯೂನಿವರ್ಸಿಟಿ ಫ್ಲೋರಿಡಾದ ಲಿಯಾನ್ ಕೌಂಟಿ ಕೋರ್ಟಿನಲ್ಲಿ ಎಸಿಸಿ ಮೇಲೆ ಕೇಸು ಹಾಕಿತು. ಎಸಿಸಿ ಅದಕ್ಕಿಂತ ಒಂದು ದಿನ ಮುಂಚೆಯೇ ನಾರ್ತ್ ಕ್ಯಾರೊಲೈನಾದಲ್ಲಿ ಫ್ಲೋರಿಡಾ ಸ್ಟೇಟ್ ಮೇಲೆ ಕೇಸು ಹಾಕಿಯಾಗಿತ್ತು. ಹೊರಗೆ ಹೋಗಲು ತಗಲುವ ಒಟ್ಟು ವೆಚ್ಚ 57.2 ಕೋಟಿ ಡಾಲರ್ ಅಂತ ಯೂನಿವರ್ಸಿಟಿಯ ವಕೀಲರು ಲೆಕ್ಕ ಕೊಟ್ಟರು. ರಾಜಕಾರಣಿಗಳೂ ಬಿಡಲಿಲ್ಲ. ಗವರ್ನರ್ ರಾನ್ ಡಿಸ್ಯಾಂಟಿಸ್ ಆಗ ಅಧ್ಯಕ್ಷ ಚುನಾವಣೆಯ ಓಟದಲ್ಲಿದ್ದರು. ಪ್ಲೇಆಫ್ ವಿಷಯದ ಕೋರ್ಟ್ ಖರ್ಚಿಗೆ ಅಂತ ಬಜೆಟ್ ಪ್ರಸ್ತಾವದಲ್ಲಿ 10 ಲಕ್ಷ ಡಾಲರ್ ತೆಗೆದಿಟ್ಟರು. ಫುಟ್‌ಬಾಲ್ ಅಭಿಮಾನಿಗಳಿಗೂ ವೋಟು ಇರುತ್ತಲ್ವಾ!

2025ರ ಮಾರ್ಚ್‌ನಲ್ಲಿ ರಾಜಿ ಆಯಿತು. ಹೊರಹೋಗುವ ಶುಲ್ಕ ವರ್ಷ ವರ್ಷ ಇಳಿಯುತ್ತಾ 2030-31ರ ಹೊತ್ತಿಗೆ 7.5 ಕೋಟಿ ಡಾಲರ್‌ಗೆ ಬರುತ್ತದೆ. ಟಿವಿ ಹಣದ ದೊಡ್ಡ ಪಾಲನ್ನು ಇನ್ನು ಮುಂದೆ ಸಮನಾಗಿ ಹಂಚುವುದಿಲ್ಲ. ಯಾರ ಪಂದ್ಯವನ್ನು ಜನ ಜಾಸ್ತಿ ನೋಡುತ್ತಾರೋ ಅವರಿಗೆ ಜಾಸ್ತಿ. ಸಮಿತಿ ಗೆಲುವಿಗಿಂತ ಬೇರೆಯದನ್ನು ತೂಗಿತು ಅಂತ ದೂರಿದ ಯೂನಿವರ್ಸಿಟಿ, ತನ್ನ ಕಾನ್ಫರೆನ್ಸ್‌ನೊಳಗೆ ಗೆಲುವಿನ ಬದಲು ವೀಕ್ಷಕರ ಲೆಕ್ಕದಲ್ಲಿ ದುಡ್ಡು ಕೇಳಿ ಪಡೆಯಿತು!

ಅಷ್ಟರಲ್ಲಿ ಮೈದಾನದಲ್ಲಿ ತಂಡ ನೆಲಕ್ಕೆ ಬಿದ್ದಿತ್ತು. 2024ರ ಜನವರಿಯಲ್ಲಿ ಅಲಬಾಮಾದ ನಿಕ್ ಸೇಬನ್ ನಿವೃತ್ತಿ ಆದಾಗ ಆ ಕೆಲಸಕ್ಕೆ ನಾರ್ವೆಲ್ ಹೆಸರು ಓಡಾಡಿತು. ಅವರನ್ನು ಉಳಿಸಿಕೊಳ್ಳಲು ಎಂಟು ವರ್ಷಕ್ಕೆ 8.4 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಬಂತು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಆ ತಂಡದ 10 ಜನ ಹೋದರು. ಪೋರ್ಟಲ್‌ನಿಂದ ಕಟ್ಟಿದ ತಂಡದ ಗುಟ್ಟು ಇದೇ. ಅನುಭವಿಗಳನ್ನು ತಂದರೆ ಬೇಗ ಗೆಲ್ಲಬಹುದು, ಆದರೆ ಅವರೆಲ್ಲ ಒಟ್ಟಿಗೇ ಎದ್ದು ಹೋಗುತ್ತಾರೆ. ಕೆಳಗೆ ಬೆಳೆಸಿದ ಹುಡುಗರು ಇರುವುದಿಲ್ಲ. ಮತ್ತೆ ಪೋರ್ಟಲ್‌ಗೇ ಹೋಗಿ ಕ್ವಾರ್ಟರ್‌ಬ್ಯಾಕ್ ಡಿಜೆ ಉಯಂಗಲೇಲೇಯನ್ನು ತಂದರು. 10ನೇ ರ್‍ಯಾಂಕ್‌ನಲ್ಲಿ ಸೀಸನ್ ಶುರು ಮಾಡಿ ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್‌ಗೆ ಕೊನೇ ಕ್ಷಣದ ಫೀಲ್ಡ್ ಗೋಲ್‌ನಲ್ಲಿ (ಕಂಬಗಳ ನಡುವೆ ಚೆಂಡು ಒದ್ದು ಪಾಯಿಂಟ್ ಗಳಿಸುವುದು) ಸೋತರು, 21-24. ಸೀಸನ್ ಮುಗಿದಾಗ 2 ಗೆಲುವು, 10 ಸೋಲು. ಪ್ಲೇಆಫ್‌ಗೆ ಹೋಗಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ಕೆಲವು ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಹತ್ತು ಜನ ಹೇಗಿದ್ದರೂ ಹೋಗುವವರೇ.

2025ರ ಮೊದಲ ಪಂದ್ಯ ಯಾರ ಜೊತೆ ಗೊತ್ತಾ? ಅಲಬಾಮಾ. ಟ್ಯಾಲಹಾಸಿಯಲ್ಲಿ 31-17ಕ್ಕೆ ಗೆದ್ದರು. ಜನ ಮೈದಾನಕ್ಕೆ ನುಗ್ಗಿದರು. ಆದರೆ ಆ ಸೀಸನ್ ಮುಗಿದದ್ದು 5-7ರಲ್ಲಿ. ಅಲಬಾಮಾ ಮಾತ್ರ ಮತ್ತೆ ಪ್ಲೇಆಫ್‌ಗೆ ಹೋಯಿತು.

ಸೀಟು ಜಾಸ್ತಿ ಆದ ಮೇಲೆ ಜಗಳ ನಿಂತಿತಾ? ಇಲ್ಲ. 2024ರಿಂದ 12 ತಂಡ, ಅದರಲ್ಲಿ ಐದು ಸೀಟು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲು. ಈ ನಿಯಮ 2023ರಲ್ಲಿ ಇದ್ದಿದ್ದರೆ ಫ್ಲೋರಿಡಾ ಸ್ಟೇಟ್ ಯಾರನ್ನೂ ಕೇಳದೆ ಒಳಗೆ ಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಸುಧಾರಣೆ ನಿಜ. ಒಂದೂ ಸೋಲದ ದೊಡ್ಡ ಕಾನ್ಫರೆನ್ಸ್ ಚಾಂಪಿಯನ್ ಹೊರಗೆ ಉಳಿಯುವುದು ಇನ್ನು ಅಸಾಧ್ಯ ಅನ್ನಬಹುದು. ಆದರೆ ಉಳಿದ ಏಳು ಸೀಟು ಈಗಲೂ ಅದೇ ಸಮಿತಿಯ ಕೈಯಲ್ಲಿ, ಅದೇ ನಿಯಮದ ಮೇಲೆ ನಡೆಯುತ್ತದೆ. 2025ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ 10-2ರಲ್ಲಿ ನಿಂತು ಹೊರಗೆ ಉಳಿಯಿತು. ಮಯಾಮಿ ಯೂನಿವರ್ಸಿಟಿ ತಂಡಕ್ಕೂ ಅಷ್ಟೇ ಗೆಲುವು, ಸೀಸನ್‌ನ ಮೊದಲ ವಾರ ನೋಟರ್ ಡೇಮನ್ನು ಸೋಲಿಸಿತ್ತು. ಆದರೂ ಸಮಿತಿಯ ಪಟ್ಟಿಯಲ್ಲಿ ವಾರಗಟ್ಟಲೆ ನೋಟರ್ ಡೇಮ್ ಮೇಲೆಯೇ ಇತ್ತು. ಕೊನೇ ದಿನ ಅದಲು ಬದಲಾಯಿತು. ಸಿಟ್ಟಿಗೆದ್ದ ನೋಟರ್ ಡೇಮ್ ಬೌಲ್ ಪಂದ್ಯವನ್ನೇ ಆಡುವುದಿಲ್ಲ ಅಂದಿತು. ನನ್ನ ಮಟ್ಟಿಗೆ ಕೊನೆಗೆ ಆದ ತೀರ್ಮಾನ ಸರಿ, ಮುಖಾಮುಖಿ ಗೆದ್ದವರಿಗೆ ಸಿಗಬೇಕು. ಆದರೆ ಆಗಸ್ಟ್ 31ರಂದೇ ನಡೆದು ಮುಗಿದ ಪಂದ್ಯ ಡಿಸೆಂಬರ್ 7ರಂದು ನೆನಪಾಗುತ್ತದೆ ಅಂದರೆ ಏನು ಹೇಳೋಣ?

ಪ್ಲೇಆಫನ್ನು ಇನ್ನೂ ಹಿಗ್ಗಿಸುವ ಮಾತು ಈಗ ನಡೆಯುತ್ತಿದೆ. 16 ಅನ್ನುವವರಿದ್ದಾರೆ, 24 ಅನ್ನುವವರೂ ಇದ್ದಾರೆ. ಆ ಚರ್ಚೆಯಲ್ಲಿ ಎಸ್‌ಇಸಿ ಮತ್ತು ಬಿಗ್ ಟೆನ್ ಮಾತೇ ಕೊನೆ ಮಾತು. ಇಎಸ್‌ಪಿಎನ್ ಜೊತೆಗಿನ ಹೊಸ ಪ್ಲೇಆಫ್ ಒಪ್ಪಂದ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್‌ದು. 2026ರ ಸೀಸನ್‌ನಿಂದ ಆ ಹಣದಲ್ಲಿ ಆ ಎರಡು ಕಾನ್ಫರೆನ್ಸ್‌ಗಳಿಗೆ ತಲಾ ಸುಮಾರು 29 ಶೇಕಡಾ. ಎಸಿಸಿಗೆ ಸುಮಾರು 17. ಈ ಪಾಲು ನಿಗದಿ ಆದದ್ದು 2024ರ ವಸಂತದಲ್ಲಿ, ಫ್ಲೋರಿಡಾ ಸ್ಟೇಟ್ ಹೊರಗೆ ಉಳಿದ ಮೂರ್ನಾಲ್ಕು ತಿಂಗಳಿಗೆ. ಮುಂದಿನ ಸೀಸನ್‌ಗಳಲ್ಲಿ ಎಸಿಸಿ ತಂಡ ಎಷ್ಟೇ ಪಂದ್ಯ ಗೆಲ್ಲಲಿ, ಆ 17 ಹಾಗೇ ಇರುತ್ತದೆ.